ಕೆಂಚ ಗುರ್ ಅಂದಿದ್ದಕ್ಕೆ

ಮಾತಾಡುವವರು ಇಬ್ಬರು, ಒಡಹುಟ್ಟಿದವರು. ಹುಟ್ಟೂರು ಕುರುಗೋಡು. ಅಣ್ಣ ಸಿರುಗುಪ್ಪ ತಾಲೂಕಿನ ಒಂದು ದನದ ದವಾಖಾನೆಯಲ್ಲಿ ನೌಕರ. ತಂಗಿಯ ಸಂಸಾರ ಬಳ್ಳಾರಿಯಲ್ಲಿ: ಅತ್ತೆ, ಗಂಡ, ನಾಲ್ಕು ವರ್ಷದ ಮಗ, ಕೆಂಚ ಎಂಬ ನಾಯಿ, ಯಾರೂ ಕರೆಯದೆ ಒಳಗೆ ಬಂದು ಕೂತ ಒಂದು ಬೆಕ್ಕು. ಏಪ್ರಿಲ್ ತಿಂಗಳ ರಾತ್ರಿ. ಕರೆಂಟು ಹೋಗಿದೆ. ಇಬ್ಬರೂ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಾರೆ.

ತಂಗಿ: ಅಣ್ಣ, ನಾಳೆ ಊರಿಗೆ ಹೋಗುವಾಗ ಕೆಂಚನ್ನ ಕರ್ಕೊಂಡು ಹೋಗಿಬಿಡು. ನಿಮ್ಮ ಮನೆ ಹಿಂದೆ ಜಾಗ ಐತೆ, ಎಮ್ಮೆ ಅದಾವೆ, ಕೋಳಿ ಅದಾವೆ. ಒಂದು ನಾಯಿ ಹೆಚ್ಚಾದ್ರೆ ನಿಂಗೇನು ಭಾರ ಆಗಲ್ಲ.

ಅಣ್ಣ: ಏನು ಮಾಡ್ತು ಅದು?

ತಂಗಿ: ಪಾಪು ಮೇಲೆ ಗುರ್ ಅಂತು. ಹಲ್ಲು ತೋರಿಸ್ತು. ನಮ್ಮತ್ತೆ ಕಣ್ಣಿಗೆ ಬಿತ್ತು. ಅವತ್ತಿಂದ ಮನೇಲಿ ಬೇರೆ ಮಾತಿಲ್ಲ. "ಕೂಸಿರೋ ಮನ್ಯಾಗ ನಾಯಿ ಯಾಕೆ" ಅಂತ ಬೆಳಗ್ಗೆ ಒಂದ್ಸಲ, ರಾತ್ರಿ ಊಟಕ್ಕೆ ಕೂತಾಗ ಒಂದ್ಸಲ.

ಅಣ್ಣ: ಗುರ್ ಅಂದಾಗ ಕೆಂಚ ಏನು ಮಾಡ್ತಿತ್ತು? ಪಾಪು ಏನು ಮಾಡ್ತಿದ್ದ?

ತಂಗಿ: ಕೆಂಚ ಅನ್ನ ತಿಂತಿತ್ತು. ಇವನು ಹೋಗಿ ಅದರ ಬೆನ್ನ ಮೇಲೆ ಕೂತು, ತಾಟಿಗೆ ಕೈ ಹಾಕಿದ.

ಅಣ್ಣ: ಕಚ್ಚಿತೇನು?

ತಂಗಿ: ಕಚ್ಚಲಿಲ್ಲ. ಕಚ್ಚಿದ್ರೆ ಗತಿ ಏನು ಅಂತ ನಾನು ಕೇಳ್ತಿರೋದು.

ಅಣ್ಣ: ನೀನು ಉಣ್ಣೋವಾಗ ಯಾರಾದ್ರೂ ಹೆಗಲ ಮೇಲೆ ಹತ್ತಿ ಕೂತು ತಾಟಿಗೆ ಕೈ ಹಾಕಿದ್ರೆ ನೀನು ಸೌಟು ತಗೋತೀಯ. ಕೆಂಚ ಬರೀ ಬಾಯಿಂದ ಹೇಳ್ಯಾನೆ. ಅದು ಒಳ್ಳೆ ನಾಯಿ ಲಕ್ಷಣ, ತಂಗಿ.

ತಂಗಿ: ಒಳ್ಳೆ ನಾಯಿ ಗುರ್ ಅಂತೈತೇನು?

ಅಣ್ಣ: ಒಳ್ಳೆ ನಾಯಿ ಮೊದ್ಲು ಗುರ್ ಅಂತೈತೆ. ಅದಕ್ಕಿಂತ ಮೊದ್ಲೂ ಬಹಳ ಹೇಳಿರ್ತೈತೆ, ನಾವು ನೋಡಿರಲ್ಲ. ಮುಖ ಆ ಕಡೆ ತಿರುಗಿಸ್ತೈತೆ. ಹಸಿವಿಲ್ಲದಿದ್ರೂ ತುಟಿ ನೆಕ್ಕೋತೈತೆ, ನಿದ್ದೆ ಬರದಿದ್ರೂ ಆಕಳಿಸ್ತೈತೆ. ಕಣ್ಣಿನ ಬಿಳಿ ಕಾಣ್ತೈತೆ. ಮೈ ಬಿಗಿ ಹಿಡೀತೈತೆ. ಇಷ್ಟೂ ಆದ ಮೇಲೆ ಗುರ್. ಅವತ್ತು ಗುರ್ ಅಂದ ಮೇಲೆ ನೀವೇನು ಮಾಡಿದ್ರಿ?

ತಂಗಿ: ಇವರು ಚಪ್ಪಲಿ ತಗೊಂಡು ಎರಡು ಬಿಟ್ರು.

ಅಣ್ಣ: ನೋಡು, ಅಲ್ಲೇ ಕೆಟ್ಟಿದ್ದು. ಗುರ್ ಅಂದ್ರೆ ಏಟು ಬೀಳ್ತೈತೆ ಅಂತ ಅದು ಕಲ್ತ್ಕೊಂಡ್ರೆ, ಮುಂದಿನ ಸಲ ಗುರ್ ಅನ್ನದೇ ಸೀದಾ ಬಾಯಿ ಹಾಕ್ತೈತೆ. ದವಾಖಾನೆಗೆ ಬಂದು "ಸಾರ್, ಏನೂ ಇಲ್ಲದೆ ಸುಮ್ಸುಮ್ನೆ ಕಚ್ಚಿಬಿಡ್ತು" ಅನ್ನೋರನ್ನ ಕೂಡಿಸ್ಕೊಂಡು ಹಿಂದಿನ ಕಥೆ ಕೇಳು. ಗುರ್ ಅಂದಾಗೆಲ್ಲ ಹೊಡೆದಿರ್ತಾರೆ.

ತಂಗಿ: ಹಂಗಾದ್ರೆ ಹೆದರಬ್ಯಾಡ ಅಂತೀಯಾ?

ಅಣ್ಣ: ಹಂಗೆ ಎಲ್ಲಿ ಅಂದೆ? ಹೆದರಬೇಕು. ರೇಬೀಸ್ ಇರಬಹುದು ಅನ್ನೋ ಪ್ರಾಣಿ ಯಾರನ್ನ ಕಚ್ಚೈತೆ ಅಂತ ಲೆಕ್ಕ ಹಾಕಿದ್ರೆ ನೂರಕ್ಕೆ 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತೆ. ಕಾರಣ ಬಹಳ ದೊಡ್ಡದಲ್ಲ. ಮಕ್ಕಳು ನಾಯೀನ ತಬ್ಬಿಕೊಳ್ತಾರೆ, ಬಾಲ ಎಳೀತಾರೆ, ಮಲಗಿದ್ದನ್ನ ಎಬ್ಬಿಸ್ತಾರೆ, ಕಚ್ಚಿಸ್ಕೊಂಡ್ರೂ ಬೈತಾರೆ ಅಂತ ಮನೇಲಿ ಹೇಳಲ್ಲ. ಇನ್ನೊಂದು, ಎತ್ತರ. ನಿನಗೆ ಕಚ್ಚಿದ್ರೆ ಮೀನಖಂಡಕ್ಕೆ. ಪಾಪು ಮುಖ ಕೆಂಚನ ಮುಖದ ಮಟ್ಟಕ್ಕೇ ಐತೆ. ಆ ವೈರಸ್ಸು ರಕ್ತದಾಗೆ ಹೋಗಲ್ಲ, ನರ ಹಿಡ್ಕೊಂಡು ಮಿದುಳಿಗೆ ಹತ್ತುತೈತೆ. ಮುಖಕ್ಕಾದ ಗಾಯದಿಂದ ಮಿದುಳಿಗೆ ದಾರಿ ಗಿಡ್ಡ.

ತಂಗಿ: ನಮ್ಮೂರಾಗೆ ನಾಯಿ ಕಚ್ಚಿದ್ರೆ ಖಾರದಪುಡಿ ಹಚ್ಚಿಬಿಡೋರು. ನೆನಪೈತಾ? ಬ್ಯಾಡಗಿ ಆದ್ರೆ ಸಾಲದು, ಗುಂಟೂರು ಖಾರಾನೇ ಬೇಕು ಅಂತ ಬೇರೆ.

ಅಣ್ಣ: ಈಗಲೂ ಹಚ್ತಾರೆ. ಸುಣ್ಣ ಹಚ್ಚೋರದಾರೆ, ಅರಿಶಿನ ಮೆತ್ತೋರದಾರೆ, ತಾಯತ ಕಟ್ಟಿಸ್ಕೊಂಡು ಎಂಟು ದಿನ ಬಿಟ್ಟು ಆಸ್ಪತ್ರೆಗೆ ಬರೋರದಾರೆ. ಖಾರ ಹಚ್ಚಿದ್ರೆ ಗಾಯ ಕೆದರಿ ವೈರಸ್ಸು ಇನ್ನೂ ಒಳಕ್ಕೆ ಹೋಗ್ತೈತೆ. ಮೊದ್ಲು ಮಾಡೋದು ಒಂದೇ: ನಳದ ಕೆಳಗೆ ಗಾಯ ಹಿಡಿದು, ಬಟ್ಟೆ ಸಾಬೂನೋ ಮೈ ಸಾಬೂನೋ ಕೈಗೆ ಸಿಕ್ಕಿದ್ದು ಹಚ್ಚಿ, 15 ನಿಮಿಷ ತೊಳೀಬೇಕು. ಗಡಿಯಾರ ನೋಡ್ಕೊಂಡು ತೊಳೀಬೇಕು, ಯಾಕಂದ್ರೆ ಕೂಸು ಅಳೋವಾಗ ಎರಡು ನಿಮಿಷ ಕಳೆದಿದ್ದೇ ಅರ್ಧ ತಾಸು ಅನ್ನಿಸ್ತೈತೆ. ಆಮೇಲೆ ನೇರ ಸರ್ಕಾರಿ ಆಸ್ಪತ್ರೆ. ಸೂಜಿ ಪುಕ್ಕಟೆ. ಚರ್ಮಕ್ಕೆ ಹಾಕೋದಾದ್ರೆ ಮೊದಲ ದಿನ ಒಂದು ಸರ್ತಿ, ಅಲ್ಲಿಂದ 3ನೇ ದಿನ, 7ನೇ ದಿನ, 28ನೇ ದಿನ. ರಕ್ತ ಬಂದಿದ್ರೆ ಗಾಯದ ಸುತ್ತ ಇನ್ನೊಂದು ಔಷಧಿ ಕೊಡ್ತಾರೆ, ಇಮ್ಯುನೊಗ್ಲಾಬ್ಯುಲಿನ್ ಅಂತ. ಅದನ್ನ ಕೇಳಿ ಹಾಕಿಸ್ಕೋಬೇಕು. 28ನೇ ದಿನದ ಸೂಜಿಗೆ ಜನ ಬರಲ್ಲ, ಅದೊಂದು ರೋಗ ನಮ್ಮಲ್ಲಿ.

ತಂಗಿ: ನಮ್ಮ ಕಾಲಕ್ಕೆ ಹೊಕ್ಕಳ ಸುತ್ತ 14 ಸೂಜಿ ಅನ್ನೋ ಹೆದರಿಕೆ. ಅದಕ್ಕೇ ಮಕ್ಕಳು ಕಚ್ಚಿದ್ದನ್ನ ಮುಚ್ಚಿಡೋರು.

ಅಣ್ಣ: ಆ ಹೆದರಿಕೆ ಇನ್ನೂ ಹೋಗಿಲ್ಲ. ಅದು ಕುರಿ ಮಿದುಳಿನಿಂದ ಮಾಡ್ತಿದ್ದ ಹಳೇ ಲಸಿಕೆ. 2004ರ ಕೊನೆಗೆ ನಮ್ಮ ದೇಶದಲ್ಲಿ ಅದನ್ನ ತಯಾರಿಸೋದೇ ನಿಲ್ಲಿಸಿದ್ರು. ಈಗಿನದು ತೋಳಿಗೆ. ಪಾಪುಗೆ ಈಗಿಂದಲೇ ಹೇಳಿಕೊಡು: ನಾಯಿ, ಬೆಕ್ಕು, ಕೋತಿ, ಯಾವುದು ಪರಚಿದ್ರೂ ಅವ್ವನಿಗೆ ಹೇಳಬೇಕು, ಅವ್ವ ಬೈಯಲ್ಲ ಅಂತ. ಪಾಶ್ಚರ್ ಅನ್ನೋ ವಿಜ್ಞಾನಿ 1885ರಾಗೆ ರೇಬೀಸ್ ಲಸಿಕೆ ಮೊದ್ಲು ಕೊಟ್ಟಿದ್ದೂ ಒಬ್ಬ ಹುಡುಗನಿಗೇ. ಜೋಸೆಫ್ ಮೈಸ್ಟರ್ ಅಂತ, ಒಂಬತ್ತು ವರ್ಷ. ರೋಗದ ಲಕ್ಷಣ ಕಾಣೋ ಮೊದ್ಲೇ ಕೊಟ್ರು, ಅದಕ್ಕೇ ಉಳ್ಕೊಂಡ. ಲಕ್ಷಣ ಕಂಡ ಮೇಲೆ ಇವತ್ತಿಗೂ ಯಾರ ಕೈಯಲ್ಲೂ ಏನೂ ಇಲ್ಲ.

ತಂಗಿ: ಇಷ್ಟೆಲ್ಲ ಹೇಳಿ ನೀನೇ ಕೆಂಚ ಇರ್ಲಿ ಅಂತೀಯಾ?

ಅಣ್ಣ: ಕೆಂಚನಿಗೆ ಸೂಜಿ ಹಾಕಿಸೀರಿ, ಮನೆ ಕಾಯ್ತಾನೆ, ಮನೇಲೇ ಉಣ್ತಾನೆ. ರೇಬೀಸ್ ಮಾತು ಅವನಿಗಲ್ಲ. ಪಾಪು ರಸ್ತೆಗೆ ಇಳಿದಾಗ ಬೇಕಾಗೋ ಮಾತು. ಮನೆಯೊಳಗಿನ ತಕರಾರು ಬೇರೆ. ಕೆಂಚನ್ನ ಯಾಕೆ ತಂದ್ರಿ ನೀವು?

ತಂಗಿ: ಪಾಪುಗೆ ಅಂತ. ಒಬ್ಬನೇ ಮಗ, ಮನೇಲಿ ಜೊತೆ ಇಲ್ಲ, ಫೋನ್ ಕೊಟ್ರೆ ಬಿಡಲ್ಲ. ಓಣಿ ಹುಡುಗರು ಮರಿ ಹಿಡ್ಕೊಂಡು ಬಂದಿದ್ರು, ತಾಯಿ ಗಾಡಿಗೆ ಸಿಕ್ಕಿ ಸತ್ತಿತ್ತು. ಇವನಿಗೆ ಆಡಾಕಾಗ್ತೈತೆ ಅಂತ ಇಟ್ಕೊಂಡ್ವಿ.

ಅಣ್ಣ: ನಾನು ದವಾಖಾನೇಲಿ ಬಂದೋರಿಗೆಲ್ಲ ಒಂದು ಮಾತು ಹೇಳ್ತೀನಿ, ಯಾರೂ ಕೇಳಲ್ಲ. ಪ್ರಾಣೀನ ಮಕ್ಕಳಿಗೆ ಅಂತ ತರಬ್ಯಾಡ್ರಿ, ಮನೆಗೆ ಬೇಕಿದ್ರೆ ತರ್ರಿ. ಮಕ್ಕಳಿಗೆ ಅಂತ ತಂದ ನಾಯಿ ಮಕ್ಕಳ ಆಟದ ಸಾಮಾನು ಆಗ್ತೈತೆ. ಆಟದ ಸಾಮಾನು ಬೇಜಾರಾಗ್ತೈತೆ. ಹುಟ್ಟುಹಬ್ಬಕ್ಕೆ ತಂದಿದ್ವಿ, ಈಗ ಹುಡುಗ ನೋಡಲ್ಲ, ಪರೀಕ್ಷೆ ಬಂತು, ಯಾರಾದ್ರೂ ತಗೊಳ್ಳೋರು ಇದ್ರೆ ಹೇಳ್ರಿ ಅಂತ ಬರ್ತಾರೆ. ಹುಡುಗನಿಗೆ ಎಷ್ಟು ವಯಸ್ಸು ಅಂದ್ರೆ ಆರು. ಆರು ವರ್ಷದವನು ನಾಯಿ ನೋಡ್ಕೊಳ್ಳಿಲ್ಲ ಅಂತ ಅಪ್ಪ ಬೈತಾನೆ. ಆ ಅಪ್ಪನ್ನ ಕಟ್ಟಿಹಾಕಬೇಕು ಅನ್ನಿಸ್ತೈತೆ.

ತಂಗಿ: ನಮ್ಮ ಮನೇಲಿ ನಮ್ಮ ಸಲುವಾಗಿ ಅಪ್ಪ ಏನೂ ತರಲಿಲ್ಲ, ಅಲ್ವಾ?

ಅಣ್ಣ: ತರಲಿಲ್ಲ. ಎತ್ತು ಹೊಲಕ್ಕೆ, ಎಮ್ಮೆ ಹಾಲಿಗೆ, ನಾಯಿ ಹಿತ್ತಲ ಕಾಯಾಕೆ, ಬೆಕ್ಕು ಜೋಳದ ಚೀಲಕ್ಕೆ ಬೀಳೋ ಇಲಿಗೆ. ನಾವು ಅವುಗಳ ನಡುವೆ ಬೆಳೆದ್ವಿ, ಅಷ್ಟೇ. ಎತ್ತು ಮೇಯೋವಾಗ ಹತ್ರ ಹೋದ್ರೆ ಅವ್ವ ಒದರೋಳು. ನಾಯಿ ಉಣ್ಣೋವಾಗ ಮುಟ್ಟಿದ್ರೆ ನಮಗೇ ಏಟು, ನಾಯಿಗಲ್ಲ. ಎಮ್ಮೆ ಹಿಂದೆ ನಿಲ್ಲಬಾರದು, ಕರು ಹಾಕಿದ ಎಮ್ಮೆ ಮುಂದೂ ನಿಲ್ಲಬಾರದು. ಯಾರೂ ಪಾಠ ಮಾಡಲಿಲ್ಲ. ದೊಡ್ಡೋರು ಸದಾ ಅಲ್ಲೇ ಇರೋರು, ಕೆಲಸ ಮಾಡ್ತಾನೇ ಒಂದು ಕಣ್ಣು ಈ ಕಡೆ.

ತಂಗಿ: ಪ್ರೀತಿ ಇರಲಿಲ್ಲ ಅಂತೇನಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಾಕೆ ಇಬ್ರೂ ಜಗಳ ಆಡ್ತಿದ್ವಿ.

ಅಣ್ಣ: ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ತಂದು, ಮಿದ್ದು, ಜೋಡಿ ಎತ್ತು ಮಾಡಿ, ಕೊಂಬಿಗೆ ಕುಸುಬಿ ಕಾಳೋ ಏನೋ ಸಿಕ್ಕಿಸಿ, ಪೂಜೆ ಮಾಡಿ. ಮಕ್ಕಳ ಕೈಗೆ ಮಣ್ಣಿನ ಎತ್ತು, ದೊಡ್ಡೋರ ಕೈಗೆ ಜೀವದ ಎತ್ತು. ಯಾರು ಹಿಂಗೆ ಏರ್ಪಾಟು ಮಾಡಿದ್ರೋ, ಬಹಳ ಶಾಣ್ಯಾರು. ಮುರಿಯೋ ವಯಸ್ಸಿನಾಗೆ ಮಣ್ಣಿಂದು ಕೊಡು, ಮುರಿದ್ರೆ ಮತ್ತೆ ಮಾಡ್ಕೊಳ್ಳಲಿ.

ತಂಗಿ: ಕುರುಗೋಡಿಗೆ ಹೋದಾಗ ಪಾಪು ದೊಡ್ಡಬಸಪ್ಪನ್ನ ನೋಡಿ ಏನು ಕೇಳಿದ ಗೊತ್ತಾ? "ಇಷ್ಟು ದೊಡ್ಡ ಬಸವಣ್ಣ ದಿನಾ ಎಷ್ಟು ಹುಲ್ಲು ತಿಂತಾನೆ?" ಪೂಜಾರಪ್ಪನೂ ನಕ್ಕುಬಿಟ್ರು. ಕಲ್ಲಿನದು ಅಂತ ಹೇಳಿದ್ರೆ, "ಹಸಿವಾಗ್ತೈತೆ, ಪಾಪ" ಅಂದ.

ಅಣ್ಣ: ನಾಲ್ಕು ವರ್ಷಕ್ಕೆ ಕಲ್ಲಿನ ಬಸವನಿಗೂ ಹಸಿವೈತೆ ಅಂತ ಗೊತ್ತು, ಜೀವದ ನಾಯಿಗೆ ನೋವಾಗ್ತೈತೆ ಅಂತ ಗೊತ್ತಿಲ್ಲ. ಆ ವಯಸ್ಸೇ ಹಂಗೆ. ಅದಕ್ಕೇ ಆ ವಯಸ್ಸಿನವನ ಕೈಗೆ ಜವಾಬ್ದಾರಿ ಕೊಡಬಾರದು. ಕೆಲಸ ಕೊಡಬಹುದು. ಕೆಂಚನ ನೀರಿನ ಬಟ್ಟಲಿಗೆ ಚೊಂಬಿನಿಂದ ನೀರು ಹಾಕಲಿ. ಆದ್ರೆ ಬಟ್ಟಲು ಬರಿದಾಗಿದ್ರೆ ತಪ್ಪು ಅವನದಲ್ಲ, ನಿನ್ನದು. ಕಲ್ಲಿನ ಬಸವ ಅಂದಿದ್ದಕ್ಕೆ ನೆನಪಾತು, ಅವನನ್ನ ಸಂಗನಕಲ್ಲು ಗುಡ್ಡಕ್ಕೆ ಕರ್ಕೊಂಡು ಹೋಗೀಯೇನು?

ತಂಗಿ: ಬಿಸಿಲಿಗೆ ಎಲ್ಲಿ ಹೋಗೋದು. ಊರಾಗಿರೋ ಮ್ಯೂಸಿಯಂಗೆ ಹೋಗಿದ್ವಿ, ರಾಬರ್ಟ್ ಬ್ರೂಸ್ ಫೂಟ್ ಹೆಸರಿನದು.

ಅಣ್ಣ: ಚಳಿಗಾಲಕ್ಕೆ ಗುಡ್ಡಕ್ಕೇ ಹೋಗು. ಕರಿಕಲ್ಲಿನ ಮೇಲೆ ನಾಲ್ಕು ಸಾವಿರ ವರ್ಷದ ಹಿಂದಿನೋರು ಕುಟ್ಟಿ ಕುಟ್ಟಿ ಚಿತ್ರ ಬಿಟ್ಟಾರೆ, ಎಲ್ಲಿ ನೋಡಿದ್ರೂ ಉದ್ದ ಕೊಂಬಿನ ಗೂಳಿ, ಎತ್ತು. ಅಲ್ಲೇ ಬಡಿದ್ರೆ ಗಂಟೆ ಹಂಗೆ ಸದ್ದು ಮಾಡೋ ಕಲ್ಲೂ ಅದಾವೆ, ಆದ್ರೆ ಪಾಪು ಕೈಗೆ ಕಲ್ಲು ಕೊಡಬ್ಯಾಡ, ಚಿತ್ರ ಹಾಳಾಗ್ತಾವೆ. ಹೊಸಪೇಟೆ ದಾರೀಲಿ ಕುಡತಿನಿ ಹತ್ರ ಬೂದಿದಿಬ್ಬ ಐತಲ್ಲ, ಅದೂ ಸಗಣಿ ಸುಟ್ಟ ಬೂದೀನೇ. ಕಬ್ಬಿಣದ ಅದಿರಿಗಿಂತ ಮೊದ್ಲು ಈ ಸೀಮೆ ದನದಿಂದ ಬದುಕಿತ್ತು. ಇಲ್ಲಿ ಪ್ರಾಣಿ ಜೊತೆ ಕೂಸು ಬೆಳೆಯೋದು ಹೊಸದಲ್ಲ. ಪ್ರಾಣೀನ ದುಡ್ಡು ಕೊಟ್ಟು ತಂದು ಪಡಸಾಲೇಲಿ ಕಟ್ಟಿ, ಎಲ್ರೂ ಕೆಲಸಕ್ಕೆ ಹೋಗೋದು ಹೊಸದು.

ತಂಗಿ: ದುಡ್ಡಿನ ಮಾತು ಬಂತು ನೋಡು. ಕೆಂಚನ್ನ ಕಳಿಸಿದ್ರೆ ಪಾಪು ಅಳ್ತಾನೆ, ಅದಕ್ಕೆ ಇವರು ಗಿಳಿ ತರ್ತೀನಿ ಅಂದಾರೆ. ಮಾತಾಡೋ ಗಿಳಿ. ಯಾರೋ ಮಾರ್ತಾರಂತೆ.

ಅಣ್ಣ: ಕೊರಳಿಗೆ ಕೆಂಪು ಗೆರೆ ಇರೋ ಹಸಿರು ಗಿಳೀನಾ?

ತಂಗಿ: ಹೂಂ, ನಮ್ಮ ಹೊಲದಾಗೆ ಸಜ್ಜೆ ತೆನೆಗೆ ಬರ್ತಿದ್ವಲ್ಲ, ಅದೇ.

ಅಣ್ಣ: ಅದನ್ನ ಸಾಕೋದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಬರ್ತೈತೆ. ಹಿಡಿಯೋದೂ ಅಪರಾಧ, ಮಾರೋದೂ ಅಪರಾಧ, ಕೊಂಡು ಪಂಜರದಾಗೆ ಇಡೋದೂ ಅಪರಾಧ. ನಮ್ಮಜ್ಜನ ಮನೇಲಿ ಇತ್ತು, ಗಿಳಿಶಾಸ್ತ್ರದವರ ಹತ್ರ ಐತೆ ಅನ್ನೋದು ಕಾನೂನಿಗೆ ಉತ್ತರ ಅಲ್ಲ. ನಕ್ಷತ್ರ ಆಮೆನೂ ಹಂಗೇ. ಮನೇಲಿಟ್ರೆ ಲಕ್ಷ್ಮಿ ಬರ್ತಾಳೆ ಅಂತ ನಮ್ಮ ಬಯಲು ಸೀಮೆ ಆಮೆಗಳನ್ನ ಹಿಡಿದು ಹಿಡಿದು ಮಾರ್ತಾರೆ. ಬರೋದು ಲಕ್ಷ್ಮಿ ಅಲ್ಲ, ಅರಣ್ಯ ಇಲಾಖೆ.

ತಂಗಿ: ಇವರಿಗೆ ನೀನೇ ಹೇಳು. ನಾನು ಹೇಳಿದ್ರೆ ಎಲ್ರೂ ಸಾಕ್ತಾರೆ ಅಂತಾರೆ. ಗಿಳಿ ಬ್ಯಾಡ ಅಂದ್ರೆ ಹಸ್ಕಿ ತರ್ತೀನಿ ಅಂತಾರೆ. ಬೆಳ್ಳಗೆ, ನೀಲಿ ಕಣ್ಣಿಂದು.

ಅಣ್ಣ: ಬಳ್ಳಾರಿಗೆ ಹಸ್ಕಿ! ಸೈಬೀರಿಯಾದ ಹಿಮದಾಗೆ ಗಾಡಿ ಎಳೆಯೋ ನಾಯಿ. ಮೈಗೆ ಎರಡು ಪದರ ಕೂದಲು. ಇಲ್ಲಿ ಏಪ್ರಿಲ್ ಬಂದ್ರೆ 40 ಡಿಗ್ರಿ ದಾಟ್ತೈತೆ, ಈಗ ನೋಡು, ಕರೆಂಟು ಹೋಗಿ ನಾವೇ ಮಾಳಿಗೆ ಹತ್ತೀವಿ. ನಾಯಿಗೆ ನಮ್ಮ ಹಂಗೆ ಮೈಯೆಲ್ಲ ಬೆವರು ಬರಲ್ಲ. ಅಂಗಾಲಿನಾಗೆ ಒಂದಿಷ್ಟು ಬಿಟ್ರೆ, ನಾಲಿಗೆ ಹೊರಗೆ ಹಾಕಿ ತೇಕಿದ್ದೇ ಅದರ ಕೂಲರು. ಚಪ್ಪಟೆ ಮೂಗಿನ ಪಗ್ಗಿಗೆ ಸರಿಯಾಗಿ ತೇಕಾಕೂ ಬರಲ್ಲ. ಬೇಸಿಗೇಲಿ ಬಿಸಿಲು ಹೊಡೆದು ಬರೋ ನಾಯಿಗಳನ್ನ ನೋಡಿದ್ರೆ, ಮಾರಿದವನನ್ನ ಬೈಯಬೇಕೋ ಕೊಂಡವನನ್ನ ಬೈಯಬೇಕೋ ತಿಳಿಯಲ್ಲ.

ತಂಗಿ: ಹಂಗಾದ್ರೆ ಮುಧೋಳ ನಾಯಿ? ನಮ್ಮದೇ ಸೀಮೆಯದು.

ಅಣ್ಣ: ನಮ್ಮದೇ. 2005ರಾಗೆ ಅಂಚೆಚೀಟಿ ಮೇಲೂ ಬಂದೈತೆ. ಬಿಸಿಲು ತಡೀತೈತೆ. ಆದ್ರೆ ಅದು ಬೇಟೆ ನಾಯಿ, ಓಡಾಕೆ ಹುಟ್ಟಿದ್ದು. ನಿನ್ನ ಎರಡು ಕೋಣೆ ಮನೇಲಿ ಕಟ್ಟಿದ್ರೆ ಅದಕ್ಕೆ ತಲೆ ಕೆಡ್ತೈತೆ, ಆಮೇಲೆ ನಿನಗೆ. ನಿಂಗೆ ಕೆಂಚನೇ ಸರಿ. ಓಣಿ ತಳಿ, ಬಳ್ಳಾರಿ ಬಿಸಿಲು ಅವನ ತಾಯಿ ಹೊಟ್ಟೇಲೇ ನೋಡ್ಯಾನೆ. ಆದ್ರೂ ಮಧ್ಯಾಹ್ನ ಡಾಂಬರು ರಸ್ತೆಗೆ ಕರ್ಕೊಂಡು ಹೋಗಬ್ಯಾಡ. ನಿನ್ನ ಕೈ ಹಿಮ್ಮೈ ರಸ್ತೆ ಮೇಲೆ ಇಟ್ಟು ನೋಡು. ನಿಂಗೆ ತಾಳಲಾರದ್ದು ಅದರ ಪಾದಕ್ಕೂ ತಾಳಲ್ಲ.

ತಂಗಿ: ಬೆಳಗ್ಗೆ ಆರಕ್ಕೇ ಇವರು ಕರ್ಕೊಂಡು ಹೋಗ್ತಾರೆ, ಪಾಪುನೂ ಹೋಗ್ತಾನೆ. ಬರುವಾಗ ಒಗ್ಗರಣೆ-ಮಿರ್ಚಿ ಕಟ್ಟಿಸ್ಕೊಂಡು ಬರ್ತಾರೆ. ಅಪ್ಪ, ಮಗ, ನಾಯಿ ಮೂರೂ ಒಂದೇ ಪೇಪರಿನಾಗೆ.

ಅಣ್ಣ: ನಾಯಿಗೆ ಒಗ್ಗರಣೇನಾ?

ತಂಗಿ: ಮಂಡಕ್ಕಿ ಅಂದ್ರೆ ಪ್ರಾಣ ಬಿಡ್ತೈತೆ.

ಅಣ್ಣ: ಪ್ರಾಣಾನೇ ಹೋಗ್ತೈತೆ. ಒಗ್ಗರಣೇಲಿ ಉಳ್ಳಾಗಡ್ಡಿ ಇರ್ತೈತೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿ ಬೆಕ್ಕಿಗೆ ವಿಷ, ರಕ್ತದ ಕೆಂಪು ಕಣ ಒಡೆದುಹೋಗ್ತಾವೆ. ಒಂದು ತುತ್ತಿಗೆ ಏನೂ ಆಗಲ್ಲ, ದಿನಾ ಹಾಕಿದ್ರೆ ಸೊರಗ್ತೈತೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸ್ತಾವೆ. ಚಾಕೊಲೇಟು ಎದೆಬಡಿತ ಏರಿಸ್ತೈತೆ. ಹುಟ್ಟುಹಬ್ಬದ ಕೇಕಿನಾಗೆ ಇವೆರಡೂ ಇರ್ತಾವೆ, ಮಕ್ಕಳು ಪ್ರೀತಿಯಿಂದ ಮೊದಲ ತುಂಡು ನಾಯಿಗೇ ಹಾಕ್ತಾರೆ. ಇನ್ನೊಂದು, ಬೆಕ್ಕಿಗೆ ಜ್ವರ ಅಂತ ಪಾಪುದು ಪ್ಯಾರಾಸಿಟಮಾಲ್ ಸಿರಪ್ಪು ಹಾಕಿಬಿಟ್ಟೀಯ, ಜೋಕೆ. ಬೆಕ್ಕಿನ ಮೈಗೆ ಅದನ್ನ ಅರಗಿಸೋ ಶಕ್ತಿ ಇಲ್ಲ, ಸತ್ತೇ ಹೋಗ್ತೈತೆ.

ತಂಗಿ: ಬೆಕ್ಕಿನ ಮಾತು ಎತ್ತಿದೆಯಲ್ಲ. ಅದರ ಕೂದಲು ಹೊಟ್ಟೆಗೆ ಹೋದ್ರೆ ಕೂಸಿಗೆ ದಮ್ಮು ಬರ್ತೈತೆ ಅಂತಾರೆ ನಮ್ಮತ್ತೆ. ನಿಜಾನಾ?

ಅಣ್ಣ: ಹೊಟ್ಟೆಗೆ ಹೋದ ಕೂದಲಿಂದ ದಮ್ಮು ಬರಲ್ಲ. ಆದ್ರೆ ಅವರ ಮಾತು ಪೂರ್ತಿ ಸುಳ್ಳಲ್ಲ. ಬೆಕ್ಕಿನ ಜೊಲ್ಲಿನಾಗೆ, ಚರ್ಮದಾಗೆ ಒಂದು ಪ್ರೋಟೀನು ಐತೆ. ಮೈ ನೆಕ್ಕಿಕೊಂಡಾಗ ಕೂದಲಿಗೆ ಹತ್ತಿ, ಒಣಗಿ, ಗಾಳಿಗೆ ಹಾರ್ತೈತೆ. ಕೆಲವರಿಗೆ ಅದು ಆಗಿಬರಲ್ಲ. ಪಾಪುಗೆ ಉಬ್ಬಸ ಐತೇನು? ಇಲ್ಲ ತಾನೆ. ಇದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ ಕೇಳಬೇಕು. ಹೆಂಗಿದ್ರೂ ಬೆಕ್ಕು ಅವನ ಹಾಸಿಗೇಲಿ ಮಲಗೋದು ಬ್ಯಾಡ. ದಮ್ಮಿಗಿಂತ ಜಂತುಹುಳದ ಚಿಂತೆ ಮಾಡು. ಮಣ್ಣಾಗೆ ಆಡಿ ಕೈ ಬಾಯಿಗೆ ಹಾಕೋ ವಯಸ್ಸು. ಫೆಬ್ರವರಿ 10ಕ್ಕೆ, ಆಗಸ್ಟ್ 10ಕ್ಕೆ ಅಂಗನವಾಡೀಲಿ, ಶಾಲೇಲಿ ಮಾತ್ರೆ ಕೊಡ್ತಾರಲ್ಲ, ತಪ್ಪಿಸಬ್ಯಾಡ. ನಾಯಿ ಬೆಕ್ಕಿನದು ಬೇರೆ ಹುಳ, ಬೇರೆ ಔಷಧಿ, ನನ್ನ ಹತ್ರ ಕೇಳು.

ತಂಗಿ: ಅಣ್ಣ, ಹೋದ ತಿಂಗಳು ನಿಮ್ಮ ಮನೇಲಿ ಆದದ್ದು ಇವನು ಇನ್ನೂ ಮರೆತಿಲ್ಲ. ಆ ಕೋಳಿ.

ಅಣ್ಣ: ಯಾವ ಕೋಳಿ?

ತಂಗಿ: ಕೆಂಪು ಹುಂಜ. ಶುಕ್ರವಾರ ಬಂದಾಗಿಂದ ಅದರ ಹಿಂದೇ ಓಡ್ತಿದ್ದ, ರಾಜ ಅಂತ ಹೆಸರಿಟ್ಟಿದ್ದ. ಭಾನುವಾರ ಅತ್ತಿಗೆ ಸಾರು ಮಾಡಿದ್ರು. ತಾಟಿನ ಮುಂದೆ ಕೂತು, "ಇದು ರಾಜ ಅಲ್ಲ ತಾನೆ?" ಅಂದ. ಎಲ್ರೂ ಸುಮ್ಮನಾಗಿಬಿಟ್ರಿ. ನೀನೂ ಕೂಡ.

ಅಣ್ಣ: ನನಗೆ ಸುಳ್ಳು ಹೇಳಾಕೆ ಬರಲಿಲ್ಲ.

ತಂಗಿ: ನಿಜ ಹೇಳಾಕೂ ಬರಲಿಲ್ಲ. ನಮ್ಮತ್ತೆ ಹತ್ರ ಕೇಳ್ದ, ಅವರು "ರಾಜ ಅವರವ್ವನ ಊರಿಗೆ ಹೋಗ್ಯಾನೆ" ಅಂದ್ರು. ಈಗ ಯಾರು ಊರಿಗೆ ಹೋಗ್ತೀನಿ ಅಂದ್ರೂ ಅಳ್ತಾನೆ. ನೀನು ನಾಳೆ ಹೋಗ್ತೀಯ ಅಂತ ಇವತ್ತು ಸಂಜೆ ನಿನ್ನ ಚಪ್ಪಲಿ ಬಚ್ಚಿಟ್ಟಾನೆ, ನೋಡ್ಕೋ.

ಅಣ್ಣ: ಹಂಗಾದ್ರೆ ಬೆಳಗ್ಗೆ ನಾನೇ ಹೇಳ್ತೀನಿ. ರಾಜನ್ನ ನಾವು ತಿಂದ್ವಿ ಅಂತ.

ತಂಗಿ: ನಾಲ್ಕು ವರ್ಷದ ಕೂಸಿಗೆ?

ಅಣ್ಣ: ನಮಗೆ ಯಾರು ಮುಚ್ಚಿಟ್ರು? ಮನೆ ಹಿಂದೆ ಕೊಯ್ಯೋರು, ನಾವು ಪುಕ್ಕ ಹೆಕ್ಕೋಕೆ ಕೂತಿರ್ತಿದ್ವಿ. ಊರ ಮಕ್ಕಳಿಗೆ ಸಾಕಿದ ಪ್ರಾಣಿ ಬೇರೆ, ತಿನ್ನೋ ಪ್ರಾಣಿ ಬೇರೆ ಅಂತ ಭೇದ ಇರಲಿಲ್ಲ. ಒಂದೇ ಕೋಳಿಗೆ ಕಾಳು ಹಾಕ್ತಿದ್ವಿ, ಅದೇ ಕೋಳಿ ಉಣ್ತಿದ್ವಿ. ಅದು ಸರಿ ಅಂತ ವಾದ ಮಾಡಲ್ಲ. ಅವನು ನಿಜ ಕೇಳಿ ನಾಳೆಯಿಂದ ಕೋಳಿ ತಿನ್ನಲ್ಲ ಅಂದ್ರೆ ಬಿಡಲಿ, ಒಳ್ಳೇದೇ. ಬಸವಣ್ಣನ ಊರಿನ ಮೊಮ್ಮಗ. ಆದ್ರೆ ಸತ್ತೋರು ಊರಿಗೆ ಹೋಗ್ತಾರೆ ಅಂತ ಹೇಳಬಾರದು. ಕೆಂಚನ್ನ ನಾನು ಸಿರುಗುಪ್ಪಕ್ಕೆ ಕರ್ಕೊಂಡು ಹೋದ್ರೆ ಅವನು ಏನು ತಿಳ್ಕೊಂತಾನೆ ಹೇಳು?

ತಂಗಿ: ...ಅದನ್ನ ನಾನು ಯೋಚನೆ ಮಾಡಿರಲಿಲ್ಲ.

ಅಣ್ಣ: ಗುರ್ ಅಂದದ್ದಕ್ಕೆ ಕೆಂಚನ್ನೂ ಸಾರು ಮಾಡಿದ್ರು ಅಂತ ತಿಳ್ಕೊಂತಾನೆ.

ತಂಗಿ: ಛೀ, ಬಿಡ್ತು ಅನ್ನು!

(ಇಲ್ಲಿ ಇಬ್ಬರೂ ನಕ್ಕರು. ಕೆಳಗಿನಿಂದ ಅತ್ತೆ, "ಏನ್ರವ್ವ ಅದು?" ಎಂದು ಕೇಳಿದರು. ಕೋಳಿಯ ವಿಷಯ ಎಂದು ಅವರಿಗೆ ಹೇಳಲಿಲ್ಲ.)

ತಂಗಿ: ಅತ್ತೇನೂ ಕೆಟ್ಟೋರಲ್ಲ ಅಣ್ಣ. ಅವರಿಗೆ ನಿಜವಾಗ್ಲೂ ಹೆದರಿಕೆ. ಹಗಲೆಲ್ಲ ಕೂಸು, ನಾಯಿ, ಬೆಕ್ಕು ಮೂರನ್ನೂ ನೋಡ್ಕೊಂಡು ಮನೇಲಿರೋರು ಅವರೇ. ನಾನು ಸಂಜೆ ಆರಕ್ಕೆ ಬರ್ತೀನಿ, ಇವರು ಎಂಟಕ್ಕೆ.

ಅಣ್ಣ: ಈಗ ಹೇಳಿದೆ ನೋಡು, ಇದು ಅಸಲಿ ಮಾತು. ನಾಯಿ ತಂದೋರು ಗಂಡ ಹೆಂಡ್ತಿ, ಸಾಕ್ತಿರೋರು 60 ದಾಟಿದ ಹೆಣ್ಣುಮಗಳು. ಅವರನ್ನ ಒಂದು ಮಾತು ಕೇಳಿದ್ರೇನು, ತರೋ ಮೊದ್ಲು?

ತಂಗಿ: ಕೇಳಲಿಲ್ಲ.

ಅಣ್ಣ: ಎಲ್ಲ ಮನೇಲೂ ಇದೇ ಕಥೆ. ಮಗುವಿಗೆ ಅಂತ ತರೋದು, ಅಜ್ಜಿ ಕೈಗೆ ಹಗ್ಗ ಕೊಡೋದು. ಅವರು ನಾಯಿ ಬ್ಯಾಡ ಅಂತಿರೋದಲ್ಲ, ಒಬ್ಬಳ ಕೈಲಿ ಆಗಲ್ಲ ಅಂತಿರೋದು. ಅಜ್ಜಿ ಒಬ್ರೇ ಇರೋ ಹೊತ್ತಿಗೆ ಪಾಪು, ಕೆಂಚ ಒಂದೇ ಕಡೆ ಇರಬಾರದು. ಮೆಟ್ಟಿಲಿಗೆ ಒಂದು ಸಣ್ಣ ಗೇಟು ಹಾಕಿಸು, ಬಡಗಿ ಹತ್ರ ಒಂದು ದಿನದ ಕೆಲಸ. ನೀವು ಬರೋ ತನಕ ಕೆಂಚ ಮೆಟ್ಟಿಲ ಕೆಳಗೆ ನೆರಳಿನಾಗೆ, ನೀರಿನ ಬಟ್ಟಲ ಜೊತೆ. ಊಟ ಅಲ್ಲೇ. ಅವನು ಉಣ್ಣೋವಾಗ, ಮಲಗಿದಾಗ ಯಾರೂ ಮುಟ್ಟಬಾರದು, ನಿನ್ನ ಗಂಡನೂ ಸೇರಿ. ಅತ್ತೆಯವರ ಕೆಲಸ ಕೂಸು ನೋಡೋದು ಅಷ್ಟೇ. ನಾಯಿ ಕೆಲಸ ಬೆಳಗ್ಗೆ ಇವರದು, ರಾತ್ರಿ ನಿನ್ನದು.

ತಂಗಿ: ಗುರ್ ಅಂದ್ರೆ?

ಅಣ್ಣ: ಹೊಡೀಬ್ಯಾಡ. ಪಾಪುನ್ನ ಎತ್ಕೊಂಡು ಆ ಕಡೆ ಹೋಗು. ಆಮೇಲೆ ಯಾಕೆ ಗುರ್ ಅಂತು ಅಂತ ನೋಡು. ಕಿವಿ ನೋವಿರಬಹುದು, ಉಣ್ಣಿ ಹತ್ತಿರಬಹುದು, ಸೆಕೆಗೆ ಸಾಕಾಗಿರಬಹುದು. ಒಳ್ಳೆ ನಾಯಿ ದಿಢೀರ್ ಅಂತ ಕೆಟ್ಟರೆ ಮೊದ್ಲು ಮೈ ನೋಡ್ಬೇಕು.

ತಂಗಿ: ದೀಪಾವಳಿಗೆ ಏನು ಮಾಡ್ಲಿ? ಹೋದ ವರ್ಷ ಪಟಾಕಿ ಸದ್ದಿಗೆ ಬಚ್ಚಲಮನೆ ಸೇರಿ ನಡುಗ್ತಾ ಕೂತಿತ್ತು. ಪಾಪು ಅದರ ಪಕ್ಕ ಹೋಗಿ ಕೂತ್ರೆ ಅವನನ್ನೂ ನೂಕ್ತಿತ್ತು.

ಅಣ್ಣ: ಬಚ್ಚಲಮನೆ ಬಾಗಿಲು ಹಾಕಿ, ಒಳಗೆ ಒಂದು ಗೋಣಿಚೀಲ ಹಾಸಿ ಬಿಡು. ಹೆದರಿದ ನಾಯಿ ಹತ್ರ ಮಕ್ಕಳು ಹೋಗಬಾರದು, ಸಮಾಧಾನ ಮಾಡಾಕೂ ಸೈತ. ಪಟಾಕಿ ಕಡಿಮೆ ಮಾಡ್ರಿ ಅಂತ ಓಣಿಗೆ ಹೇಳೋ ಧೈರ್ಯ ನನಗಿಲ್ಲ, ನಿಂಗಿದ್ರೆ ಹೇಳು.

ತಂಗಿ: ಇಷ್ಟೆಲ್ಲ ಕಟ್ಟುಪಾಡು ಮಾಡಿ ಸಾಕೋದ್ರಾಗೆ ಪಾಪುಗೆ ಏನು ಸಿಕ್ತು? ಆಡಂಗಿಲ್ಲ, ಮುಟ್ಟಂಗಿಲ್ಲ.

ಅಣ್ಣ: ಮುಟ್ಟಂಗಿಲ್ಲ ಅಂದೆನಾ? ನೀನು ಪಕ್ಕದಾಗೆ ಕೂತಾಗ ಮುಟ್ಟಲಿ. ಕೈ ಮುಂದೆ ಹಿಡೀಲಿ, ಕೆಂಚ ತಾನೇ ಬಂದು ಮೂಸಿದ್ರೆ ಎದೆ, ಹೆಗಲು ಸವರಲಿ. ಬರಲಿಲ್ಲ ಅಂದ್ರೆ ಬಿಡಲಿ. ಇನ್ನೊಂದು ಜೀವ ಒಲ್ಲೆ ಅಂದ್ರೆ ಸುಮ್ಮನಿರಬೇಕು ಅನ್ನೋದು ಆ ವಯಸ್ಸಿಗೆ ತಿಳಿದ್ರೆ ಬಹಳಾತು. ಕೈಯಾಗಿನ ಫೋನು ಅದನ್ನ ಕಲಿಸಲ್ಲ, ಅದು ಯಾವತ್ತೂ ಒಲ್ಲೆ ಅನ್ನಲ್ಲ. ನಮ್ಮ ಇಲಾಖೇಲಿ ಮೂವತ್ತು ವರ್ಷ ದನ ನೋಡಿದೋರೂ ಒಂದೊಂದ್ಸಲ ಅದನ್ನ ಕಲ್ತಿರಲ್ಲ, ಒದೆ ತಿಂದು ಬರ್ತಾರೆ.

ತಂಗಿ: ಸರಿ. ಕೆಂಚ ಇರ್ಲಿ. ಗಿಳಿ ಬ್ಯಾಡ, ಹಸ್ಕಿ ಬ್ಯಾಡ. ಗೇಟಿಗೆ ಬಡಗೀನ ನಾಳೆನೇ ಕರೀತೀನಿ. ಅತ್ತೆ ಹತ್ರ ನೀನೂ ಕೂತು ಮಾತಾಡು. ಆದ್ರೆ ಒಂದು ವೇಳೆ ಇವರು ಒಪ್ಪಿದಂಗೆ ಮಾಡಿ ನಾಲ್ಕು ದಿನಕ್ಕೆ ಬಿಟ್ರೆ?

ಅಣ್ಣ: ಆಗ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ. ನೋಡ್ಕೊಳ್ಳೋ ದೊಡ್ಡೋರಿಲ್ಲದ ಮನೇಲಿ ನಾಯಿ ಇರಬಾರದು, ಅದ್ರಾಗೆ ಎರಡು ಮಾತಿಲ್ಲ. ಹಂಗೆ ಕರ್ಕೊಂಡು ಹೋದ್ರೂ ಪಾಪುಗೆ ಎಲ್ಲಿಗೆ ಅಂತ ಹೇಳಿ, ತಿಂಗಳಿಗೊಂದ್ಸಲ ಕರ್ಕೊಂಡು ಬಂದು ತೋರಿಸ್ಬೇಕು. ಕೆಂಚನ ಕಾರ್ಡು ಎಲ್ಲೈತೆ?

ತಂಗಿ: ಬೀರುವಿನಾಗೆ, ಪಾಪು ತಾಯಿ ಕಾರ್ಡಿನ ಜೊತೇಲೆ ಇಟ್ಟೀನಿ.

ಅಣ್ಣ: ಹೋದ ವರ್ಷ ಮೇ ತಿಂಗಳಾಗೆ ಹಾಕಿಸಿದ್ದು, ಅಂದ್ರೆ ವರ್ಷದ ಸೂಜಿ ಬಂತು. ದವಾಖಾನೆ ಬೆಳಗ್ಗೆನೇ ತೆಗೀತಾರೆ, ಬಿಸಿಲೇರೋ ಮೊದ್ಲೇ ಹೋಗು. ಕಾರ್ಡು ಮರೀಬ್ಯಾಡ. ಬೆಕ್ಕನ್ನೂ ಒಂದು ಬುಟ್ಟೀಲಿ ಹಾಕ್ಕೊಂಡು ಹೋಗು, ಅದಕ್ಕೆ ಇಲ್ಲೀತನಕ ಒಂದೂ ಹಾಕಿಸಿಲ್ಲ. ರೇಬೀಸ್ ಬೆಕ್ಕಿನಿಂದಲೂ ಬರ್ತೈತೆ.